ಸೀರೆಯ ಮೇಲಿಟ್ಟ ಕೈ

ಸೌಡತ್ತೆಯ ಸೀರೆ ಕೊಂಡವರಲ್ಲಿ ಆಕೆಯ ಮುಖ ನೋಡಿದವರು ಕಡಿಮೆ. ಕೈ ಮಾತ್ರ ಎಲ್ಲರಿಗೂ ಗೊತ್ತು. ಕಪ್ಪು ಕೈ, ಉಗುರಿನ ಸಂದಿಯಲ್ಲಿ ಅರಿಶಿನ, ಹೆಬ್ಬೆರಳ ಬುಡದಲ್ಲಿ ಎಂದೋ ಸುಟ್ಟ ಕಲೆ. ವಾಟ್ಸಾಪಿನಲ್ಲಿ ಆಕೆ ಕಳಿಸುತ್ತಿದ್ದ ಪ್ರತಿ ಚಿತ್ರದಲ್ಲೂ ಸೆರಗಿನ ಮೇಲೆ ಈ ಕೈ ಇದ್ದೇ ಇರುತ್ತಿತ್ತು.

ಆಕೆ ನನ್ನ ತಂದೆಯ ತಂಗಿ. ಪೊಳ್ಳಾಚಿ ಹತ್ತಿರದ ನೆಗಮಂನಲ್ಲಿ ಮನೆ. ನಡುಮನೆಯ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಅರ್ಧ ದೇಹ ನೆಲದೊಳಗೆ, ಅರ್ಧ ಮೇಲೆ. ಬಂದವರನ್ನೆಲ್ಲ ಅಲ್ಲಿಂದಲೇ ಕತ್ತೆತ್ತಿ ಮಾತಾಡಿಸುತ್ತಿದ್ದಳು. ನಾನು ಕೊಯಮತ್ತೂರಿನಿಂದ ಹೋದರೆ, ತಮಿಳು ಬೆರೆತ ನಮ್ಮ ಮನೆಗನ್ನಡದಲ್ಲಿ ಮುದ್ದಿನಿಂದ, "ಏನ್ ಕಣ್ಣು, ಇಷ್ಟ್ ಇಳ್ದೋಗಿದ್ದೀಯೆ? ನಿನ್ ಹೆಂಡ್ರು ಸೋರು ಹಾಕಲ್ವಾ?" ಎನ್ನುವಳು. ತೂಕದ ಯಂತ್ರ ಬೇರೆಯೇ ಹೇಳುತ್ತಿತ್ತು, ಆದರೆ ಅತ್ತೆಯ ಮನೆಯಲ್ಲಿ ಅದರ ಮಾತು ನಡೆಯುತ್ತಿರಲಿಲ್ಲ. ತಟ್ಟೆ ತುಂಬ ಅನ್ನ ಬರುತ್ತಿತ್ತು.

ವರ್ಷಗಟ್ಟಲೆ ಬೇರೆಯವರಿಗೆ ಕೂಲಿಗೆ ನೆಯ್ದವಳು, ಸೊಸೆ ಕವಿತಾ ಬಂದಮೇಲೆ ಧೈರ್ಯ ಮಾಡಿ ತಾನೇ ನೆಯ್ದು ಫೋನಿನಲ್ಲಿ ಮಾರತೊಡಗಿದಳು. ಆ ಹಳೆಯ ಫೋನು ಕೈಕೊಟ್ಟಿತು. ಆಕೆಯ ಅಚ್ಚುಮೆಚ್ಚಿನ ಅರಕ್ಕು ಬಣ್ಣ, ಅಂದರೆ ಅರಗಿನಂಥ ಕಡುಗೆಂಪು, ಚಿತ್ರದಲ್ಲಿ ಟೊಮೇಟೊ ಹಣ್ಣಿನ ಕೆಂಪಾಗಿ ಕಾಣುತ್ತಿತ್ತು. ಸೀರೆ ತರಿಸಿಕೊಂಡವರೊಬ್ಬರು "ನಾವು ನೋಡಿದ್ದು ಇದಲ್ಲ" ಎಂದು ಹಿಂದಕ್ಕೆ ಕಳಿಸಿದರು. ಸ್ವಲ್ಪ ದಿನಕ್ಕೆ ಇನ್ನೊಬ್ಬರೂ ಹಾಗೇ ಮಾಡಿದರು. ಮಗ ಮುರುಗೇಶನಿಗೆ ಮೊದಲೇ ಅಮ್ಮನ ಮಂಡಿನೋವಿನ ಚಿಂತೆ. "ಇನ್ನೊಂದ್ ಸೀರೆ ತಿರುಗಿ ಬಂದ್ರೆ ಗುಂಡಿ ಮುಚ್ಚಿ ಟೈಲ್ಸ್ ಹಾಕ್ಸ್‌ಬುಡ್ತೀನಿ ಅಮ್ಮಾ" ಎಂದ. ಅತ್ತೆ ಎದುರಾಡದೆ ಒಪ್ಪಿದಳು. ಆಮೇಲೆ ನನಗೆ ಕರೆ ಮಾಡಿ, "ನಂಬಕ್ಕಾಗೋ ಫೋನ್ ಒಂದ್ ಬೇಕು ಕಣ್ಣು, ನೀನ್ ಬಾ" ಎಂದಳು. ಆ ಸಣ್ಣ ದನಿ ಕೇಳಿ ನಾನು ರಜೆ ಹಾಕಿದೆ.

ಪೊಳ್ಳಾಚಿಯ ಅಂಗಡಿಗೆ ನಾನು ತಯಾರಾಗಿಯೇ ಹೋಗಿದ್ದೆ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಕಂಪನಿ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತದೆ, ಕೆಟ್ಟರೆ ಹತ್ತಿರದಲ್ಲಿ ರಿಪೇರಿ ಉಂಟೋ ಇಲ್ಲವೋ, ಎಲ್ಲ ಓದಿಕೊಂಡಿದ್ದೆ. ಅತ್ತೆಯ ತಯಾರಿ ಅಂದರೆ ಚೀಲದಲ್ಲಿ ಒಂದು ಅರಕ್ಕು ಸೀರೆ. ಅಂಗಡಿಯ ಹುಡುಗಿ ಅತ್ತೆಯದೇ ಮುಖದ ಚಿತ್ರ ತೆಗೆದು, "ಪಾರುಂಗಮ್ಮಾ, ಎವ್ವಳವು ಅಳಗು!" ಎಷ್ಟು ಚಂದ ನೋಡಿ ಎಂದು ತಮಿಳಿನಲ್ಲಿ ಹಿಗ್ಗುತ್ತ ತೋರಿಸಿದಳು. ಚಿತ್ರದಲ್ಲಿ ಸುಕ್ಕೂ ಇರಲಿಲ್ಲ, ಕಪ್ಪೂ ಇರಲಿಲ್ಲ. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದಳು.

"ಯಾರ್ ಮನೆ ಮಗಳೋ, ಚಂದಾಗವ್ಳೆ," ಎಂದು ಫೋನನ್ನು ಕೆಳಗಿಟ್ಟಳು. ಅಂಗಡಿಯೆಲ್ಲ ನಕ್ಕಿತು.

ಆಮೇಲೆ ಬಾಗಿಲ ಬೆಳಕಿನಲ್ಲಿ ಸೀರೆ ಹರಡಿ, ಅದರ ಮೇಲೆ ಕೈಯಿಟ್ಟು, ಒಂದೊಂದೇ ಫೋನಿನಲ್ಲಿ ಚಿತ್ರ ತೆಗೆಸಿದಳು. ನಾನು ಸೀರೆಯನ್ನು ನೋಡುತ್ತಿದ್ದೆ. ಅತ್ತೆ ನೋಡುತ್ತಿದ್ದುದು ಕೈಯನ್ನು.

"ಇದ್ ನನ್ ಕೈಯಾ? ನನ್ ಕೈನೇ ಬೆಳ್ಳಗ್ ಮಾಡ್ತದಲ್ಲಾ, ಸೀರೆನ ಸುಮ್ನೆ ಬುಡ್ತದಾ?"

ನಾನು ಮನಸ್ಸಿನಲ್ಲಿ ಆರಿಸಿಟ್ಟುಕೊಂಡಿದ್ದ ಫೋನು ಹೀಗೆ ಲೆಕ್ಕದಿಂದ ಬಿದ್ದುಹೋಯಿತು. ಹುಡುಗಿಗೂ ಈ ಆಟ ಹಿಡಿಸಿತು. ಚಂದಗಾಣಿಸುವ ಸೆಟ್ಟಿಂಗುಗಳನ್ನೆಲ್ಲ ಆಫ್ ಮಾಡಿ ಮತ್ತೆ ಮತ್ತೆ ತೆಗೆದುಕೊಟ್ಟಳು. ಕೊನೆಗೆ ಒಂದರಲ್ಲಿ ಕೈ ಕೈಯಾಗಿಯೇ ಬಂತು, ಕಲೆಯ ಸಮೇತ. ಅರಕ್ಕೂ ಅರಕ್ಕಾಗಿಯೇ ಇತ್ತು. ಬ್ಯಾಟರಿ, ಅಪ್‌ಡೇಟ್, ರಿಪೇರಿ ಎಲ್ಲವನ್ನೂ ನಾನು ವಿಚಾರಿಸಿದೆ, ಅಲ್ಲೂ ಕೊರತೆ ಇರಲಿಲ್ಲ.

"ಇದು ಪೊಯ್ ಹೇಳಲ್ಲ ಕಣ್ಣು," ಎಂದಳು ಅತ್ತೆ. ಸುಳ್ಳಿಗೆ ನಮ್ಮ ಮನೆಮಾತಿನಲ್ಲಿ ಅದೇ ಪದ.

ಹೊಸ ಫೋನಿನ ಮೊದಲ ಚಿತ್ರ ನೋಡಿ ಚೆನ್ನೈನ ಟೀಚರಮ್ಮ ಒಬ್ಬರು ಆ ಅರಕ್ಕು ಸೀರೆಯನ್ನೇ ತರಿಸಿಕೊಂಡರು. ಪಾರ್ಸೆಲ್ ಹೋದಮೇಲೆ ಅತ್ತೆ ಮಗ್ಗಕ್ಕೆ ಇಳಿಯಲಿಲ್ಲ, ಗುಂಡಿಯ ಅಂಚಿನಲ್ಲಿ ಸುಮ್ಮನೆ ಕೂತಿರುತ್ತಿದ್ದಳು ಎಂದು ಕವಿತಾ ಹೇಳುತ್ತಾಳೆ. ಸೀರೆ ತಿರುಗಿ ಬರಲಿಲ್ಲ. ಬಂದದ್ದು ಒಂದು ಚಿತ್ರ: ಅದೇ ಸೆರಗಿನ ಮೇಲೆ ಟೀಚರಮ್ಮನ ಕೈ. ಅತ್ತೆ ಅದನ್ನು ಬೀದಿಗೆಲ್ಲ ತೋರಿಸಿದಳು. ಮುರುಗೇಶ ಟೈಲ್ಸಿನ ಮಾತು ಬಿಟ್ಟು, ಗುಂಡಿಗಿಳಿಯಲು ಒಂದು ಮೆಟ್ಟಿಲು ಕಟ್ಟಿಸಿಕೊಟ್ಟ.

ಕೊನೆಯ ಸಲ ನಾನು ಹೋದಾಗ ಅತ್ತೆ ಹಾಸಿಗೆ ಹಿಡಿದಿದ್ದಳು. ಆದರೂ "ಇಳ್ದೋಗಿದ್ದೀಯೆ" ಎನ್ನುವುದನ್ನು ಬಿಡಲಿಲ್ಲ. ಮಗ್ಗದಲ್ಲಿ ಗಾಜಿನ ಬಳೆ ತೊಟ್ಟು ಕವಿತಾ ಕೂತಿದ್ದಳು. ಸದ್ದು ಕೇಳಿಯೇ ಅತ್ತೆ ಮಲಗಿದಲ್ಲಿಂದ, "ಮೆಲ್ಲಗೆ ಕವಿತಾ, ಮೆಲ್ಲಗೆ" ಎನ್ನುತ್ತಿದ್ದಳು. ಆ ತಿಂಗಳೇ ಹೋಗಿಬಿಟ್ಟಳು.

ಆಮೇಲೆ ಬಹಳ ದಿನ ಆ ನಂಬರಿನಿಂದ ಏನೂ ಬರಲಿಲ್ಲ. ಮಗ್ಗ ನಿಂತಿತೆಂದೇ ನಾನು ತಿಳಿದೆ. ಪೊಂಗಲ್ ಹತ್ತಿರವಾದಾಗ ಒಂದು ಬೆಳಿಗ್ಗೆ ಫೋನಿನಲ್ಲಿ ಅತ್ತೆಯ ಹೆಸರು ಮೂಡಿತು. ತೆರೆದು ನೋಡಿದರೆ ಹೊಸ ಅರಕ್ಕು ಸೀರೆ. ಸೆರಗಿನ ಮೇಲೆ ಗಾಜಿನ ಬಳೆ ತೊಟ್ಟ ಒಂದು ಚಿಕ್ಕ ಕೈ, ಉಗುರಿನ ಸಂದಿಯಲ್ಲಿ ಅರಿಶಿನ.