ಹಳ್ಳದ ಕರೆಂಟು

ಸರ್ವಮಂಗಳಳ ಅಪ್ಪ ಸೋಮವಾರಪೇಟೆಯಲ್ಲಿ ಮೇಷ್ಟ್ರು. ಕೋಣೆಯಿಂದ ಹೊರಡುವಾಗ ಕೈ ಸ್ವಿಚ್ಚಿಗೆ ಹೋಗದಿದ್ದರೆ ಮಕ್ಕಳಿಗೆ ಊಟಕ್ಕಿಂತ ಮೊದಲು ಉಪದೇಶ ಸಿಗುತ್ತಿತ್ತು. ಅಂಥ ಮನೆಯ ಹುಡುಗಿಯನ್ನು ಮಾದಾಪುರದ ಮೇಲಿನ ಗುಡ್ಡದ ಕಾಫಿ ಬೆಳೆಗಾರ ರೇವಣ್ಣನಿಗೆ ಕೊಟ್ಟರು. ಅಲ್ಲಿಗೆ ಸರ್ಕಾರದ ಕಂಬ ಬಂದಿರಲಿಲ್ಲ. ತೋಟದ ಪಕ್ಕದ ಹಳ್ಳದ ನೀರನ್ನು ಪೈಪಿನಲ್ಲಿ ಕೆಳಕ್ಕಿಳಿಸಿ, ಅದರ ರಭಸಕ್ಕೆ ತಿರುಗುವ ಪುಟ್ಟ ಟರ್ಬೈನು ಕೂರಿಸಿದ್ದರು. ಮಳೆ ಹಿಡಿದಾಗಿನಿಂದ ಶಿವರಾತ್ರಿಯ ಆಸುಪಾಸಿನವರೆಗೆ ಮನೆಗೆ ಅದೇ ಕರೆಂಟು.

ಬಂದ ವಾರವೇ ಸೊಸೆ ತವರಿನ ಬುದ್ಧಿ ತೋರಿಸಿದಳು. ಅತ್ತೆ ಸುಲೋಚನಮ್ಮ ಟಿವಿ ಮುಂದೆ ಕೂತಿದ್ದರು. ಇವಳು ಉಳಿದೆಲ್ಲ ಕೋಣೆಗಳ ಬಲ್ಬುಗಳನ್ನು ಶಿಸ್ತಾಗಿ ಆರಿಸಿಕೊಂಡು ಬಂದಳು. ಹಳ್ಳದ ಕರೆಂಟಿಗೆ ಉಳಿತಾಯ ಆಗಿಬರುವುದಿಲ್ಲ. ಉರಿಯುವ ಬಲ್ಬು ಕಡಿಮೆಯಾದರೆ ಹೊರೆ ಇಳಿದ ಟರ್ಬೈನು ಹುಚ್ಚೆದ್ದು ತಿರುಗಿ, ಚಾಲೂ ಇದ್ದದ್ದನ್ನೂ ಸುಟ್ಟುಬಿಡುತ್ತದೆ. ಟಿವಿ ಢಬ್ ಅಂದಿತು. ಸುಲೋಚನಮ್ಮ ಎಷ್ಟೋ ದಿನ ಸೊಸೆಯ ಹತ್ತಿರ ನೆಟ್ಟಗೆ ಮಾತಾಡಲಿಲ್ಲ. ಬಂದವರೆದುರೆಲ್ಲ, "ಮೇಷ್ಟ್ರ ಮಗ್ಳು ದೀಪ ಹಚ್ಚೋಕೆ ಬರ್ತಾಳೆ ಅಂದ್ಕೊಂಡಿದ್ದೆ, ಆರ್ಸೋಕೆ ಬಂದ್ಲು" ಅನ್ನುತ್ತಿದ್ದರು.

ಸರ್ವಮಂಗಳಳಿಗೆ ಹಠ ಬಂತು. ಪೈಪಿನ ಬಾಯಿಯ ಜಾಲರಿಗೆ ಕಟ್ಟಿಕೊಂಡ ಎಲೆ ತೆಗೆಯುವುದು, ಬೇರಿಂಗಿಗೆ ಗ್ರೀಸು ಹಾಕುವುದು, ಹಳ್ಳ ಇಳಿದಂತೆ ವಾಲ್ವು ತಿರುಗಿಸುವುದು, ಎಲ್ಲವನ್ನೂ ಕಲಿತಳು. ರೇವಣ್ಣ ಮೊದಮೊದಲು "ಜಿಗಣೆ ಹತ್ತುತ್ತೆ, ನೀನು ಹೋಗ್ಬ್ಯಾಡ" ಅಂದ. ಆಮೇಲೆ ಹತ್ತಿದರೆ ಅವಳಿಗೇ ಹತ್ತಲಿ ಎಂದು ಆರಾಮಾಗಿ ಕೂತ. ಗಂಡಂದಿರ ಕಾಳಜಿಯ ಆಯುಷ್ಯ ಅಷ್ಟೇ. ತೋಟ ಮಾವನ ಹೆಸರಿನದು, ಮನೆ ಗಂಡನದು, ಅಡುಗೆಮನೆ ಅತ್ತೆಯದು. ಆ ಯಂತ್ರವೊಂದು ಮಾತ್ರ ತನ್ನದು ಅನ್ನಿಸುತ್ತಿತ್ತು ಅವಳಿಗೆ. ಅದರ ಗುಯ್‌ಗುಡುವ ಸದ್ದು ಕೇಳಿದರೆ ಸಾಕು, ಖುಷಿಯಾಗಿಬಿಡುತ್ತಿದ್ದಳು.

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆ ಮಂಜೂರಾಗಿಯೂ ವರ್ಷಗಟ್ಟಲೆ ಬಾರದಿದ್ದ ಕಂಬಗಳು ಕಳೆದ ಕಾರ್ತಿಕದಲ್ಲಿ ಗುಡ್ಡ ಹತ್ತಿದವು. ಲೈನ್‌ಮನ್ ಚಂದ್ರು ಮೀಟರು ಕೂರಿಸಿ, ಮನೆಯ ವೈರನ್ನು ಅದಕ್ಕೆ ಸೇರಿಸಿ ಹೋದ. ಮಿಕ್ಸಿ ತಿರುಗಿತು, ಫ್ರಿಜ್ಜು ತಣ್ಣಗಾಯಿತು. ಸರ್ವಮಂಗಳಳೂ ಹಿಗ್ಗಿದಳು. ಆದರೆ ಸಂಜೆ ಕಾಫಿ ಕುಡಿಯುತ್ತ ರೇವಣ್ಣ, "ಇನ್ಯಾಕೆ ಆ ಹಳ್ಳದ ತಂಟೆ? ನಾಳೆ ಟರ್ಬೈನ್ ಬಿಚ್ಚಿ ಗುಜರಿಗೆ ಹಾಕ್ತೀನಿ" ಅಂದ.

ಅವಳು ತಡೆದಳು. "ಇರ್ಲಿ ಬಿಡ್ರೀ. ನಿಮಗೇನ್ ತೊಂದ್ರೆ ಕೊಡುತ್ತೆ ಅದು?"

"ಒಂದ್ ಮನೆಗೆ ಎರಡೆರಡು ಕರೆಂಟ್ ಯಾಕೇ? ಬಾ, ಅವ್ವನ್ನೇ ಕೇಳಣ."

ಅವಳಿಗಿದ್ದ ಆಸೆಯೂ ಅಲ್ಲಿಗೆ ಬತ್ತಿತು. ಟಿವಿ ಸುಟ್ಟ ಸೊಸೆಯ ಪರವಾಗಿ ಅತ್ತೆ ಮಾತಾಡಿಯಾರೇ?

ಸುಲೋಚನಮ್ಮನ ಕೋಣೆಯಲ್ಲಿ ಇನ್ನೂ ಬೆಳಕಿರುವಾಗಲೇ ಬಲ್ಬು ಉರಿಯುತ್ತಿತ್ತು. ರೇವಣ್ಣ ಹೋದವನೇ ಸ್ವಿಚ್ಚಿಗೆ ಕೈ ಹಾಕಿದ. ಅವರು ಮಂಚದಿಂದ ದಡಕ್ಕನೆ ಎದ್ದರು.

"ಮುಟ್ಬ್ಯಾಡ್ವೋ! ಏನಾದ್ರೂ ಸುಟ್ಟುಹೋದೀತು!"

"ಇದು ಕಂಬದ ಕರೆಂಟ್ ಕಣವ್ವ, ಆರ್ಸಿದ್ರೆ ಏನೂ ಆಗಲ್ಲ. ಉರಿಸಿದ್ರೇ ಬಿಲ್ಲು. ಆ ಟರ್ಬೈನ್ ಬಿಚ್ಚಿಬಿಡಣ ಅಂತ ಕೇಳೋಕೆ ಬಂದೆ."

ಸುಲೋಚನಮ್ಮ ಅಡ್ಡಗೋಡೆ ಮೇಲೆ ದೀಪ ಇಡುವವರಲ್ಲ. "ಹಂಗಾದ್ರೆ ನಿನ್ ಕಂಬದ್ದು ನನ್ ಕೋಣೆಗೆ ಬ್ಯಾಡ. ಹಗಲೂ ರಾತ್ರಿ ದೀಪ ಉರಿಯೋ ಮನೇಲಿ ಬಾಳ್ದೋಳು ನಾನು. ಈ ವಯಸ್ಸಲ್ಲಿ ಕತ್ಲೇಲಿ ಕೂರೋದು ಕಲೀಲಾ? ನಂಗೆ ನನ್ ಸೊಸೆ ಕರೆಂಟೇ ಇರ್ಲಿ."

"ಅಲ್ಲವ್ವಾ..."

"ಎಂಥ ಅಲ್ಲ? ಮಳೇಲಿ ನೆಂದು ಅದನ್ನ ನಡೆಸಿದೋಳು ಅವ್ಳು. ಕೇಳೋದಿದ್ರೆ ಅವಳನ್ನ ಕೇಳು, ನನ್ನಲ್ಲ."

ಬಾಗಿಲಲ್ಲಿ ನಿಂತಿದ್ದ ಸರ್ವಮಂಗಳಳ ಕಣ್ಣು ತುಂಬಿಬಂತು. ಅತ್ತೆಯ ಬಾಯಲ್ಲಿ "ನನ್ ಸೊಸೆ" ಎಂಬ ಮಾತನ್ನು ಅವಳು ಕೇಳಿದ್ದು ಅದೇ ಮೊದಲು. ರೇವಣ್ಣ ಬೇರೆ ದಾರಿಯಿಲ್ಲದೆ ಅವಳ ಕಡೆ ತಿರುಗಿದ.

"ಏನೇ, ಬಿಚ್ಲಾ?"

"ಬ್ಯಾಡ" ಅಂದಳು.