ತಿಳಿನೀರಿನ ಫೋಟೋ

ಕಂಪಲಾಪುರದ ಸಣ್ಣತಾಯಮ್ಮ ಮೂವತ್ತು ವರ್ಷ ಹೊಗೆಸೊಪ್ಪು ವಿಂಗಡಿಸಿದವಳು. ಬೆಂದ ಎಲೆಯನ್ನು ಬೆಳಕಿಗೆ ಹಿಡಿದು ಇದು ಒಳ್ಳೇದು, ಇದು ಕಸ ಎಂದು ಅವಳು ಹೇಳಿದ ಮೇಲೆ ಎಲೆ ಬೇಯಿಸುವ ಬ್ಯಾರನ್ನಿನ ಯಜಮಾನರು ಮರುಮಾತಾಡುತ್ತಿರಲಿಲ್ಲ. ಗಂಡ ಹೋದ ಮೇಲೆ ಆ ದುಡಿಮೆಯಲ್ಲೇ ಮಗ ಸುರೇಶನನ್ನು ಸಾಕಿ, ಟೆಂಪೋ ಓಡಿಸುವಷ್ಟಕ್ಕೆ ತಂದು ಮದುವೆ ಮಾಡಿದಳು. ತನ್ನ ಮೈಯ ಸಂಗತಿ ಇನ್ನೊಬ್ಬರ ಬಾಯಿಗೆ ಬೀಳಬಾರದು ಎನ್ನುವುದು ಅವಳ ಮಾನ. ಮಲದಲ್ಲಿ ರಕ್ತ ಬೀಳುವುದನ್ನೂ ಎಂಟು ತಿಂಗಳು ಹಾಗೇ ಮುಚ್ಚಿಟ್ಟಳು. ಸೀರೆ ಒಗೆಯುವಾಗ ಕಲೆ ಕಂಡ ಸೊಸೆ ಲಕ್ಷ್ಮಿದೇವಿಯೇ ಹಟ ಹಿಡಿದು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು.

ಕ್ಯಾಮೆರಾ ಇರುವ ಕೊಳವೆ ಬಿಟ್ಟು ಕರುಳು ನೋಡಬೇಕು, ಅದಕ್ಕೆ ಕರುಳು ಪೂರ್ತಿ ಖಾಲಿಯಾಗಿರಬೇಕು ಎಂದರು ಡಾಕ್ಟರು. ಮನೆಯಲ್ಲಿ ಮಾಡಬೇಕಾದ್ದನ್ನೆಲ್ಲ ಹೇಳುವ ಆಪ್ ಒಂದನ್ನು ನರ್ಸು ಸೊಸೆಯ ಫೋನಿಗೆ ಹಾಕಿಕೊಟ್ಟಳು. ಮೂರು ದಿನ ಅದು ಹೊತ್ತುಹೊತ್ತಿಗೆ ಪುಸ್ತಕದ ಕನ್ನಡದಲ್ಲಿ ಮಾತಾಡಿತು: ರಾಗಿ ಬೇಡ, ಸೊಪ್ಪು ಬೇಡ, ಕಾಳು ಬೇಡ, ಗಂಜಿಯ ತಿಳಿ ಮಾತ್ರ. ಹುಟ್ಟಿದಾಗಿಂದ ಮುದ್ದೆ ಉಂಡವಳು ತಕರಾರಿಲ್ಲದೆ ಕೇಳಿದಳು.

ಕೊನೆಯ ಬೆಳಗ್ಗೆ ಕಷ್ಟವಾಯಿತು. ಹಿಂದಿನ ಸಂಜೆ ಒಂದು ಬಾಟಲಿ ಔಷಧಿನೀರು ಕುಡಿದಿದ್ದಳು. ಎರಡನೆಯದು ಅರ್ಧಕ್ಕೇ ವಾಂತಿಯಾಯಿತು. ಅವರ ಕಕ್ಕಸಿನ ಬಾಗಿಲು ಬೀದಿಗೇ ಇತ್ತು. ಡೈರಿಗೆ ಹಾಲು ಹೊತ್ತವರ ಎದುರಿಗೇ ಎಂಟು ಸಲ ಹೋಗಿ ಬಂದಳು. ಅಷ್ಟರಲ್ಲಿ ಫೋನು, ಕೊನೆಯ ಸಲ ಹೋದದ್ದರ ಫೋಟೋ ಕಳಿಸಿ, ತಿಳಿಯಾಗಿದೆಯೋ ಇಲ್ಲವೋ ಹೇಳುತ್ತೇವೆ ಎಂದಿತು.

ಅದನ್ನು ಸೊಸೆ ನೋಡಬೇಕು, ಮಗ ನೋಡಬೇಕು, ಆಸ್ಪತ್ರೆಯಲ್ಲಿ ಯಾರ್ಯಾರೋ ನೋಡಬೇಕು. ಉಳಿದ ಔಷಧಿಯನ್ನು ಕಕ್ಕಸಿನ ಗುಂಡಿಗೆ ಚೆಲ್ಲಿದಳು. ನಾಲ್ಕು ಮಗ್ಗು ನೀರು ಹುಯ್ದು, ತಿಳಿಯಾದ ಮೇಲೆ ಸೊಸೆ ತೋರಿಸಿಕೊಟ್ಟಿದ್ದಂತೆ ಒತ್ತಿ ಫೋಟೋ ತೆಗೆದಳು. ಲಕ್ಷ್ಮಿದೇವಿ ನೋಡಿ ಕಳಿಸಿದಳು. ತಯಾರಿ ಚೆನ್ನಾಗಿದೆ ಎಂದು ಫೋನು ಹೇಳಿತು.

ಆಸ್ಪತ್ರೆಯಲ್ಲಿ ಕೊಳವೆ ಒಳಗೆ ಹೋದರೂ ಕರುಳು ಖಾಲಿಯಾಗಿರದೆ ಡಾಕ್ಟರಿಗೆ ಏನೂ ಕಾಣಲಿಲ್ಲ. ಎರಡು ತಿಂಗಳ ಆಚೆಯ ದಿನ ಬರೆದುಕೊಟ್ಟರು. ಸುರೇಶ ದಾರಿಯುದ್ದಕ್ಕೂ ಆ ಆಪನ್ನು ಬೈದ. ಅವನ ಪಕ್ಕದಲ್ಲೇ ಕೂತ ಸಣ್ಣತಾಯಮ್ಮ ಡಾಕ್ಟರು ಕೊಟ್ಟ ಚೀಟಿಯನ್ನು ಮಡಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ಎರಡನೆಯ ಸಲ ಹನಿ ಬಿಡದೆ ಕುಡಿದಳು, ಇದ್ದದ್ದನ್ನು ಇದ್ದಂತೆ ಕಳಿಸಿದಳು. ಈ ಸಲ ಎಲ್ಲ ಕಾಣಿಸಿತು. ಕರುಳಿನಲ್ಲಿ ಗಡ್ಡೆ, ಆಮೇಲೆ ಸ್ಕ್ಯಾನಿನಲ್ಲಿ ನೋಡಿದರೆ ಲಿವರಿಗೂ ಹರಡಿತ್ತು. ಮೊದಲ ಸಲವೇ ಕಂಡಿದ್ದರೆ ಉಳಿಯುತ್ತಿದ್ದಳೇ ಎಂದು ಸುರೇಶ ಕೇಳಿದ. ಹೇಳುವುದು ಕಷ್ಟ ಎಂದರು ಡಾಕ್ಟರು.

ಆ ಮಾತು ಅವಳನ್ನು ಕೊರೆಯಿತು. ಒಂದು ಮಧ್ಯಾಹ್ನ ಸೊಸೆಯೊಬ್ಬಳೇ ಇದ್ದಾಗ ಬಾಯಿ ಬಿಟ್ಟಳು.

‘‘ಆವತ್ತು ಕಳ್ಸಿದ್ದು ಬರೀ ನೀರು ಕಣವ್ವ.’’

ಲಕ್ಷ್ಮಿದೇವಿ ಸೊಪ್ಪು ಸೋಸುತ್ತಿದ್ದ ಕೈ ನಿಲ್ಲಿಸಿದಳು.

‘‘ನಂಗೊತ್ತಿತ್ತು ಕಣತ್ತೆ. ಮಗ್ಗಿನ ಅಂಚು ಪೋಟೋದಲ್ಲೇ ಇತ್ತು. ನೀವು ಗೋಡೆಗೆ ಒರಗಿ ನಡುಗ್ತಾ ಇದ್ರಿ. ಇನ್ನೂ ಕುಡೀರಿ ಅನ್ನಕ್ಕೆ ಮನ್ಸು ಬರ್ನಿಲ್ಲ, ಕಳ್ಸ್‌ಬುಟ್ಟೆ.’’

ಸುರೇಶನಿಗೆ ಹೇಳುವುದು ಬೇಡವೆಂದು ಯಾರೂ ಅನ್ನಲಿಲ್ಲ; ಹೇಳಲೂ ಇಲ್ಲ. ಅವನು ಆಪನ್ನು ಬೈಯುತ್ತಲೇ ಇದ್ದ.

ಮೂರು ಸಲ ಕ್ಯಾನ್ಸರಿನ ಔಷಧಿ ಏರಿಸಿದ ಮೇಲೆ ಸಣ್ಣತಾಯಮ್ಮ ಇನ್ನು ಮೈಸೂರಿಗೆ ಬರುವುದಿಲ್ಲವೆಂದಳು. ಡಾಕ್ಟರೂ ಬಲವಂತ ಮಾಡಲಿಲ್ಲ. ಮಳೆಗಾಲ ಹಿಡಿಯುವ ಹೊತ್ತಿಗೆ ಎದ್ದು ಓಡಾಡುವುದೂ ನಿಂತಿತು. ಲಕ್ಷ್ಮಿದೇವಿ ಬಟ್ಟೆ ಬದಲಾಯಿಸಿ ಒರೆಸಲು ಬಂದ ಮೊದಲ ದಿನ ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ವಾರ ಕಳೆಯುವಷ್ಟರಲ್ಲಿ ಸೆರಗು ಎಳೆದುಕೊಳ್ಳುವ ಶಕ್ತಿಯೂ ಉಳಿದಿರಲಿಲ್ಲ. ಸೊಸೆ ಒರೆಸುತ್ತಿದ್ದಳು, ಅವಳು ಗೋಡೆ ನೋಡುತ್ತ ಮಲಗಿರುತ್ತಿದ್ದಳು.