ಕರಾಮದಲ್ಲಿ ಸಿಡಿದ ಬಿಯರ್ ಬಾಟಲಿ

ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ನನಗೆ ಹಿಡಿದದ್ದು ದುಬೈಯ ಕರಾಮ ಬಡಾವಣೆಯ ಬಾಡಿಗೆ ಫ್ಲ್ಯಾಟಿನಲ್ಲಿದ್ದಾಗ. ಅಲ್ಲಿ ಅದು ಕಾನೂನಿಗೆ ವಿರುದ್ಧ ಎಂದು ಗೊತ್ತಿದ್ದೂ ಮಾಡಿದೆ. ಒಮ್ಮೆ ಹುದುಗಿದ ಬಿಯರನ್ನು ಬಾಟಲಿಗೆ ತುಂಬಿ, ಸ್ವಲ್ಪ ಸಕ್ಕರೆ ಹಾಕಿ ಬಿಗಿಯಾಗಿ ಮುಚ್ಚಿಟ್ಟರೆ ಅದು ಒಳಗೇ ಇನ್ನೊಮ್ಮೆ ಹುದುಗಿ ಗ್ಯಾಸು ಕಟ್ಟುತ್ತದೆ. ನಾನು ಸಕ್ಕರೆಯನ್ನು ಧಾರಾಳವಾಗಿಯೇ ಹಾಕಿದ್ದೆ.

ಒಂದು ಶುಕ್ರವಾರ ಸಂಜೆ ಅಡುಗೆಮನೆಯಲ್ಲಿ ಚಾ ಕಾಯಿಸುತ್ತಿದ್ದಾಗ ಒಂದು ಬಾಟಲಿ ಢಮ್ಮೆಂದು ಸಿಡಿಯಿತು. ಗಾಜು ತಾಗಿ ಕೈಯಿಂದ ರಕ್ತ ಸುರಿಯತೊಡಗಿತು. ಯಾರೋ ಬಾಗಿಲು ಬಡಿದಾಗ ಪೊಲೀಸರೇ ಬಂದರು ಅಂದುಕೊಂಡೆ. ಬಂದವರು ಎದುರು ಫ್ಲ್ಯಾಟಿನ ಸುಡಾನಿ ಟೀಚರ್, ನನ್ನ ಅಮ್ಮನ ವಯಸ್ಸಿನವರು. ಲಿಫ್ಟಿನಲ್ಲಿ ಒಂದು ಸಲಾಂ ಬಿಟ್ಟರೆ ನಮ್ಮೊಳಗೆ ಮಾತೇ ಇರಲಿಲ್ಲ. ವಾಸನೆಯಿಂದಲೇ ಅವರಿಗೆ ಎಲ್ಲ ತಿಳಿದಿರಬೇಕು. ಆದರೂ ಏನೂ ಕೇಳದೆ ನನ್ನ ಕೈಗೆ ಬಟ್ಟೆ ಕಟ್ಟಿದರು.

ಅಷ್ಟರಲ್ಲಿ ವಾಚ್‌ಮನ್ ಮೆಟ್ಟಿಲು ಹತ್ತಿ ಬರುವ ಸದ್ದಾಯಿತು. ಟೀಚರ್ ವಾಸನೆ ಅಡಗಲೆಂದು ತಮ್ಮ ಮನೆಯಿಂದ ಹೊಗೆಯಾಡುವ ಧೂಪದ ಬಟ್ಟಲು ತಂದು ನನ್ನ ಬಾಗಿಲಿಗೆ ಅಡ್ಡ ನಿಂತರು.

“ಬಾಟಲಿ ಒಡೆಯಿತು, ಕೈ ಕೊಯ್ದಿದೆ. ಖಲಾಸ್,” ಎಂದರು. ಅವನು ಹಿಂದಿರುಗಿದ.

ನಾನು ಕೈಮುಗಿಯಲು ಹೋದರೆ ಗದರಿದರು: “ಅದೆಲ್ಲ ಬೇಡ. ಉಳಿದವು ಎಲ್ಲಿವೆ? ದಪ್ಪ ಟವೆಲ್ ಸುತ್ತಿ ಒಂದೊಂದಾಗಿ ತೆರೆದು ಸಿಂಕಿಗೆ ಸುರಿ. ಯಲ್ಲಾ, ಬೇಗ!”

ಕೊನೆಯ ಬಾಟಲಿ ಖಾಲಿಯಾಗುವವರೆಗೂ ಅವರು ಕದಲಲಿಲ್ಲ. ನನ್ನ ಕೆಲಸ, ವೀಸಾ ಎರಡೂ ಉಳಿದದ್ದು ಅವರಿಂದ. ಅವರನ್ನು ನೆನೆಯದ ಶುಕ್ರವಾರವಿಲ್ಲ. ಆದರೂ ಹೇಳುತ್ತೇನೆ, ಅಷ್ಟು ಚಂದದ ನೊರೆಯನ್ನು ನಾನು ಯಾವ ಬಿಯರಿನಲ್ಲೂ ಕಂಡಿಲ್ಲ. ರುಚಿ ಹೇಗಿತ್ತೆಂದು ಆ ಸಿಂಕಿಗೇ ಗೊತ್ತು.